ಹೆಸರಿನ ಮುಂದೊಂದು ಕೂಡು ಚಿಹ್ನೆ

ದೊಡ್ಡಉಳ್ಳಾರ್ತಿ, ಖುದಾಪುರ, ವರವು ಕಾವಲು. ಚಳ್ಳಕೆರೆ ತಾಲ್ಲೂಕಿನ ಈ ಹೆಸರುಗಳು ಈಗ ದೇಶದ ವಿಜ್ಞಾನ ವಲಯಕ್ಕೆಲ್ಲ ಗೊತ್ತು. ಕುರಿ, ದನ ಮೇಯುತ್ತಿದ್ದ ಅಮೃತಮಹಲ್ ಹುಲ್ಲುಗಾವಲಿನಲ್ಲಿ ಇಸ್ರೊ, ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳು ನೆಲೆಯೂರಿವೆ. ಕಾವಲು ಕಳೆದುಕೊಂಡ ಊರುಗಳ ಮಕ್ಕಳಿಗೆ ಕಾಂಪೌಂಡಿನ ಒಳಗಿನ ವಿಜ್ಞಾನ ಎಟುಕುವುದು ಹೇಗೆ? ಲ್ಯಾಪ್‌ಟಾಪೊಂದೇ ಸಾಕಾಗುವ ದಾರಿಯೊಂದಿದೆ. ಅದರ ಪರಿಚಯಕ್ಕಾಗಿ ಈ ಬರಹ.

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ವಿಜ್ಞಾನದ ಲೆಕ್ಕ ಮಾಡುವವರು ವರ್ಷಕ್ಕೊಮ್ಮೆ ಸೇರುವ ಸಮ್ಮೇಳನ 'ಸೈಪೈ'. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ 2002ರಲ್ಲಿ ಶುರುವಾಯಿತು. ಮೊದಲು ಪಾಠಗಳು, ಆಮೇಲೆ ಭಾಷಣಗಳು. ನಡುವೆ ಐದೈದು ನಿಮಿಷದ ಚುಟುಕು ಮಾತುಗಳೂ ಇರುತ್ತವೆ. ಹವಾಮಾನದವರು, ಖಗೋಳದವರು, ಜೀವಶಾಸ್ತ್ರದವರು ಒಂದೇ ಸಭಾಂಗಣದಲ್ಲಿ ಕೂರುತ್ತಾರೆ.

ನನ್ನನ್ನು ಸೆಳೆದದ್ದು ಕೊನೆಯ ಎರಡು ದಿನ. ಅದಕ್ಕೆ 'ಸ್ಪ್ರಿಂಟ್' ಎನ್ನುತ್ತಾರೆ. ವೇದಿಕೆ, ಮೈಕು ಇಲ್ಲ. ಒಂದೊಂದು ಮೇಜಿಗೆ ಯಾರು ಬೇಕಾದರೂ ತಿದ್ದಲು ಕೈಜೋಡಿಸಬಹುದಾದ ಒಂದೊಂದು ಮುಕ್ತ ತಂತ್ರಾಂಶದ ತಂಡ. ಹೊಸಬರು ಕುರ್ಚಿ ಎಳೆದುಕೊಂಡು ಕೂತರಾಯಿತು. ಮೊದಲು ಕೋಡ್ ಇಳಿಸಿಕೊಂಡು ತಮ್ಮ ಯಂತ್ರದಲ್ಲಿ ಓಡುವಂತೆ ಮಾಡಬೇಕು. ಎಷ್ಟೋ ಜನರಿಗೆ ಅರ್ಧ ದಿನ ಇದರಲ್ಲೇ ಹೋಗುತ್ತದೆ. ಆಮೇಲೆ ಹೊಸಬರಿಗೆಂದೇ ಗುರುತು ಹಾಕಿಟ್ಟ ಸಣ್ಣ ತೊಂದರೆಯೊಂದನ್ನು ಆರಿಸಿಕೊಳ್ಳಬೇಕು. ಕೈಪಿಡಿಯಲ್ಲಿ ಒಂದು ಉದಾಹರಣೆಯ ಉತ್ತರ ತಪ್ಪಿದೆ ಎಂದುಕೊಳ್ಳಿ. ತಿದ್ದಿ ಕಳಿಸಿದರೆ ಅದನ್ನು ನೋಡುವ ಹಿರಿಯರು ಪಕ್ಕದ ಕುರ್ಚಿಯಲ್ಲೇ ಇರುತ್ತಾರೆ. 'ಇದನ್ನು ಹೀಗೆ ಬದಲಿಸಿ' ಎನ್ನುತ್ತಾರೆ, ಬದಲಿಸುತ್ತೀರಿ. ಪರೀಕ್ಷೆಗಳೆಲ್ಲ ಪಾಸಾದರೆ ನಿಮ್ಮ ಸಾಲು ಮೂಲ ತಂತ್ರಾಂಶದೊಳಗೆ ಸೇರಿಹೋಗುತ್ತದೆ. ಪೈಥಾನ್‌ನಲ್ಲಿ ಸಂಖ್ಯೆಗಳ ಲೆಕ್ಕ ಮಾಡುವ 'ನಂಪೈ' ತಂತ್ರಾಂಶದ ಹೊಸ ಆವೃತ್ತಿ ಹೊರಬಂದಾಗಲೆಲ್ಲ ಅದಕ್ಕೆ ದುಡಿದವರ ಪಟ್ಟಿ ಪ್ರಕಟವಾಗುತ್ತದೆ. ಮೊದಲ ಸಲ ಕೈಜೋಡಿಸಿದವರ ಹೆಸರಿನ ಪಕ್ಕ ಒಂದು ಕೂಡು ಚಿಹ್ನೆ. 2019ರಲ್ಲಿ ಜಗತ್ತು ಬೆರಗಿನಿಂದ ನೋಡಿದ ಕಪ್ಪುಕುಳಿಯ ಚಿತ್ರದ ಹಿಂದಿನ ಲೆಕ್ಕದಲ್ಲೂ ಇದೇ ನಂಪೈ ಇತ್ತು. ಅಂಥ ಪಟ್ಟಿಗೆ ಸೇರಲು ಪದವಿ ಪತ್ರ ಯಾರೂ ಕೇಳುವುದಿಲ್ಲ.

ಇಂಥ ತಂತ್ರಾಂಶವೊಂದು ಹುಟ್ಟಿ ಉಳಿದ ಕತೆ ಕೇಳಿ. ಜಾನ್ ಹಂಟರ್ ಎಂಬವರು ಮೆದುಳಿನ ವಿಜ್ಞಾನಿಯಾಗಿದ್ದರು. ಅಪಸ್ಮಾರ ರೋಗಿಗಳ ಮೆದುಳಿನ ವಿದ್ಯುತ್ ಸಂಕೇತಗಳನ್ನು ಕಣ್ಣಿಗೆ ಕಾಣಿಸಬೇಕಿತ್ತು. ಅದಕ್ಕಾಗಿ ಕೂತು ಬರೆದ, ನಕ್ಷೆ ಬಿಡಿಸುವ ತಂತ್ರಾಂಶ 'ಮ್ಯಾಟ್‌ಪ್ಲಾಟ್‌ಲಿಬ್' ಇವತ್ತು ಎಂಜಿನಿಯರಿಂಗ್ ಕಾಲೇಜಿನ ಮಕ್ಕಳಿಗೂ ಗೊತ್ತು. 2012ರ ಜುಲೈನಲ್ಲಿ ಸೈಪೈನಲ್ಲಿ ಪ್ರಧಾನ ಭಾಷಣ ಮಾಡಿದರು. ಮನೆಗೆ ಮರಳಿದ ಮೇಲೆ ಕ್ಯಾನ್ಸರ್ ಪತ್ತೆಯಾಯಿತು. ಆಗಸ್ಟ್ 28ಕ್ಕೆ ತೀರಿಕೊಂಡರು. ಅವರು ಬಿಟ್ಟುಹೋದ ಕೋಡನ್ನು ಮುಂದಿನವರು ಇಂದಿಗೂ ನಡೆಸಿಕೊಂಡು ಬರುತ್ತಿದ್ದಾರೆ. ಇಂಥ ಸಮುದಾಯಗಳ ಬಲ ಇರುವುದೇ ಇಲ್ಲಿ.

ನಮ್ಮ ದೇಶಕ್ಕೆ ಇದೆಲ್ಲ ಬಂದದ್ದು 2009ರಲ್ಲಿ. ಪೈಥಾನ್ ಬಳಸುವವರೆಲ್ಲರ ಸಮ್ಮೇಳನವಾದ 'ಪೈಕಾನ್ ಇಂಡಿಯಾ' ಮೊದಲ ಸಲ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ನಡೆಯಿತು. ಡಿಸೆಂಬರ್‌ನಲ್ಲಿ ತಿರುವನಂತಪುರದಲ್ಲಿ ಸೈಪೈನ ಭಾರತೀಯ ಆವೃತ್ತಿ. ಆಮೇಲೆ ಈ ಸಮ್ಮೇಳನಗಳು ಹೋದದ್ದು ಹೈದರಾಬಾದ್, ಮುಂಬೈ, ಪುಣೆ, ದೆಹಲಿ, ಚೆನ್ನೈಗೆ. ಎಲ್ಲವೂ ದೊಡ್ಡ ಊರುಗಳೇ. ಚಳ್ಳಕೆರೆ ಕಡೆಯ ಹುಡುಗಿಯೊಬ್ಬಳು ಬೆಂಗಳೂರಿಗೆ ಹೋಗಬೇಕೆಂದರೆ ಇನ್ನೂರು ಕಿಲೋಮೀಟರ್ ದಾರಿ, ನೋಂದಣಿ ಶುಲ್ಕ, ಉಳಿಯಲೊಂದು ರೂಮು. ಮನೆಯವರು 'ಯಾಕಮ್ಮ ಅಷ್ಟು ದೂರ' ಅಂದರೆ ಅಲ್ಲಿಗೆ ಮುಗಿಯಿತು.

ಮೊದಲ ಪೈಕಾನ್‌ಗೆ ಜಾಗ ಕೊಟ್ಟ ಅದೇ ಸಂಸ್ಥೆಗೆ ಖುದಾಪುರದಲ್ಲಿ 1500 ಎಕರೆಯ ಎರಡನೇ ಆವರಣವಿದೆ. ಅಲ್ಲಿ ಹೈಸ್ಕೂಲು ಮೇಷ್ಟ್ರುಗಳಿಗೆ ವಿಜ್ಞಾನದ ತರಬೇತಿ ನಡೆಯುತ್ತಿದೆ, ಉಳಿಯಲು ವ್ಯವಸ್ಥೆಯೂ ಇದೆ. ದೊಡ್ಡ ಸಮ್ಮೇಳನ ಬೇಡ, ಎರಡು ದಿನದ ಒಂದು ಸ್ಪ್ರಿಂಟ್ ಅಲ್ಲೇ ನಡೆಸಬಹುದು. ಕನ್ನಡದಲ್ಲಿ ಹೇಳಿಕೊಡುವವರು ನಾಲ್ಕು ಜನ ಬಂದರೆ ಸಾಕು. ಸಂಸ್ಥೆಯವರೂ ಬೆಂಗಳೂರಿನ ಪೈಥಾನ್ ಬಳಗದವರೂ ದಯವಿಟ್ಟು ಮನಸ್ಸು ಮಾಡಬೇಕು.