ನಿಲ್ಲುವುದಕ್ಕೂ ಬಲ ಬೇಕು

ಎತ್ತುಗಳು ಎಳೆಯುವಷ್ಟು ಹೊತ್ತು ಬಂಡಿ ಸಾಗುತ್ತದೆ. ಅವು ನಿಂತೊಡನೆ ಬಂಡಿಯೂ ನಿಲ್ಲುತ್ತದೆ. ಇದನ್ನು ದಿನವೂ ಕಂಡ ಮನುಷ್ಯನು, ಚಲನೆಗೆ ಸದಾ ಬಲ ಬೇಕು, ಬಲ ತಪ್ಪಿದರೆ ವಸ್ತು ತಾನಾಗಿಯೇ ನಿಲ್ಲುವುದು ಎಂದು ತೀರ್ಮಾನಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಗ್ರೀಸಿನ ಅರಿಸ್ಟಾಟಲನ ಮತವೂ ಇದೇ ಆಗಿತ್ತು.

ಈ ನಂಬಿಕೆಯನ್ನು ಅಲುಗಿಸಿದವನು ಇಟಲಿಯ ಗೆಲಿಲಿಯೋ. ನುಣುಪಾದ ಇಳಿಜಾರಿನಿಂದ ಗುಂಡೊಂದನ್ನು ಉರುಳಿಬಿಟ್ಟು, ಎದುರಿಗೆ ಒಂದು ಏರನ್ನು ಇಟ್ಟಿರುವೆವೆಂದು ಭಾವಿಸೋಣ. ಗುಂಡು ಇಳಿದು, ಏರನ್ನು ಹತ್ತಿ, ತಾನು ಹೊರಟ ಎತ್ತರವನ್ನು ಹೆಚ್ಚುಕಡಮೆ ಮುಟ್ಟುತ್ತದೆ. ಏರಿನ ಓರೆಯನ್ನು ತಗ್ಗಿಸಿದಷ್ಟೂ, ಅದೇ ಎತ್ತರವನ್ನು ಮುಟ್ಟಲು ಗುಂಡು ಹೆಚ್ಚು ದೂರ ಹೋಗಬೇಕಾಗುವುದು. ಏರನ್ನು ಪೂರ್ಣವಾಗಿ ಮಟ್ಟಸ ಮಾಡಿದರೆ? ಆಗ ಆ ಎತ್ತರ ಎಂದಿಗೂ ದೊರೆಯದು. ತಡೆಯಿಲ್ಲದಿದ್ದರೆ ಗುಂಡು ಸಾಗುತ್ತಲೇ ಇರಬೇಕು. ಆದುದರಿಂದ ಬಂಡಿಯನ್ನು ನಿಲ್ಲಿಸುವುದು ಬಲದ ಅಭಾವವಲ್ಲ. ಘರ್ಷಣೆಯೆಂಬ ಮತ್ತೊಂದು ಬಲ.

1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ನ್ಯೂಟನ್ ಇದನ್ನು ಚಲನೆಯ ಮೊದಲನೆಯ ನಿಯಮವಾಗಿ ನಿರೂಪಿಸಿದನು. ಹೊರಗಿನ ಬಲ ವರ್ತಿಸದ ಹೊರತು, ನಿಂತ ವಸ್ತು ನಿಂತೇ ಇರುವುದು. ಚಲಿಸುವ ವಸ್ತು ಸಮವೇಗದಿಂದ ಸರಳರೇಖೆಯಲ್ಲಿ ಚಲಿಸುತ್ತಲೇ ಇರುವುದು. ವಸ್ತುವಿನ ಈ ಗುಣವೇ ಜಡತ್ವ. ದ್ರವ್ಯರಾಶಿ ಹೆಚ್ಚಿದಷ್ಟೂ ಜಡತ್ವವೂ ಹೆಚ್ಚು. 1977ರಲ್ಲಿ ಹಾರಿಬಿಟ್ಟ ವಾಯೇಜರ್-1 ನೌಕೆ, ಮುಂದಕ್ಕೆ ನೂಕುವ ಯಂತ್ರವಿಲ್ಲದೆಯೇ, ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಿಂದ ಸೂರ್ಯನಿಂದ ದೂರ ಸಾಗುತ್ತಲೇ ಇದೆ.

ಆಕಾಶದಲ್ಲಿ ನಡೆಯುವ ಈ ನಿಯಮ ನಮ್ಮ ರಸ್ತೆಗಳಲ್ಲಿಯೂ ನಡೆಯುತ್ತದೆ. ಬಸ್ಸು ಥಟ್ಟನೆ ನಿಂತಾಗ, ನಿಂತಿರುವ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುತ್ತಾರೆ. ಅವರನ್ನು ಯಾರೂ ತಳ್ಳಿಲ್ಲ. ಬಸ್ಸನ್ನು ಬ್ರೇಕು ತಡೆಯಿತು. ಪ್ರಯಾಣಿಕರ ಶರೀರವನ್ನು ತಡೆಯುವ ಬಲ ಸಾಲದಾಯಿತು, ಅಷ್ಟೇ.

ಆ ಬಲ ಎಷ್ಟಿರಬೇಕು? ನ್ಯೂಟನ್ನನ ಎರಡನೆಯ ನಿಯಮ ಇದನ್ನು ತಿಳಿಸುತ್ತದೆ. ವೇಗವು ಎಷ್ಟು ಅಲ್ಪಕಾಲದಲ್ಲಿ ಬದಲಾಗುವುದೋ, ಬೇಕಾಗುವ ಬಲ ಅಷ್ಟು ದೊಡ್ಡದು. ಗಂಟೆಗೆ 54 ಕಿಲೋಮೀಟರ್, ಎಂದರೆ ಸೆಕೆಂಡಿಗೆ 15 ಮೀಟರ್, ವೇಗದಿಂದ ಹೋಗುವ ಕಾರಿನಲ್ಲಿ ತಾಯಿಯೊಬ್ಬಳು 10 ಕಿಲೋಗ್ರಾಂ ತೂಗುವ ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡಿರುವಳೆನ್ನೋಣ. ಕಾರು 5 ಸೆಕೆಂಡುಗಳಲ್ಲಿ ಒಂದೇ ಸಮನಾಗಿ ನಿಂತರೆ, ಮಗುವನ್ನು ತಡೆಯಲು ಬೇಕಾದ ಬಲ 30 ನ್ಯೂಟನ್. ಸುಮಾರು 3 ಕಿಲೋಗ್ರಾಂ ತೂಕದಷ್ಟು. ಇದು ತೋಳುಗಳಿಗೆ ಸುಲಭ. ಕಾರು ಮರಕ್ಕೆ ಅಪ್ಪಳಿಸಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ ಬೇಕಾದ ಬಲ 1500 ನ್ಯೂಟನ್. 50 ಕಿಲೋಗ್ರಾಮಿನ ಮೂರು ಅಕ್ಕಿಮೂಟೆಗಳ ತೂಕಕ್ಕೆ ಇದು ಸಮ. ಎಂತಹ ಬಲಶಾಲಿಯಾದರೂ ಆ ಕ್ಷಣದಲ್ಲಿ ಮಗುವನ್ನು ಹಿಡಿದಿಡಲಾರನು. ಕಾರು ನಿಂತರೂ ಮಗು ಅದೇ ವೇಗದಿಂದ ಮುಂದೆ ಸಾಗಿ, ಎದುರಿಗಿರುವ ಗಡಸು ವಸ್ತುವಿಗೆ ತಾಗುತ್ತದೆ. ಅಲ್ಲಿ ನಿಲ್ಲಲು ದೊರೆಯುವ ಕಾಲ ಮತ್ತಷ್ಟು ಅಲ್ಪ. ಆದುದರಿಂದ ಪೆಟ್ಟು ಮತ್ತಷ್ಟು ಘೋರ. ಸುಮಾರು ಹನ್ನೊಂದೂವರೆ ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲವನ್ನು ಮುಟ್ಟುವಾಗ ಪಡೆಯುವ ವೇಗವೂ ಇಷ್ಟೇ ಎಂಬುದನ್ನು ನೆನೆದರೆ, ಅಪಾಯದ ಅರಿವಾಗುವುದು.

ಸ್ವೀಡನ್ನಿನ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ರಕ್ಷಣಾಪಟ್ಟಿ 1959ರಲ್ಲಿ ಕಾರುಗಳಲ್ಲಿ ಬಳಕೆಗೆ ಬಂದಿತು. ಈ ಪಟ್ಟಿ ಜಡತ್ವವನ್ನು ಅಳಿಸಲಾರದು. ಅದು ಶರೀರವನ್ನು ಕಾರಿನೊಡನೆ ಬಂಧಿಸುತ್ತದೆ. ಕಾರಿನ ಮೂತಿ ನಜ್ಜುಗುಜ್ಜಾಗುವಷ್ಟು ಕಾಲವನ್ನು ಶರೀರಕ್ಕೂ ದೊರಕಿಸುತ್ತದೆ. ಬಲವನ್ನು ಎದೆ ಮತ್ತು ಸೊಂಟದ ಗಟ್ಟಿ ಮೂಳೆಗಳ ಮೇಲೆ ಹಂಚುತ್ತದೆ. ಎಳೆಯ ಮಕ್ಕಳಿಗೆ ಅವರ ಗಾತ್ರಕ್ಕೆ ತಕ್ಕ ಪ್ರತ್ಯೇಕ ಆಸನ ಬೇಕು. ಭಾರತದಲ್ಲಿ 2019ರ ಮೋಟಾರು ವಾಹನ ಕಾಯಿದೆಯ ತಿದ್ದುಪಡಿಯು, ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಇಂತಹ ರಕ್ಷಣೆಯಿಲ್ಲದೆ ಕರೆದೊಯ್ಯುವುದನ್ನು ದಂಡಾರ್ಹವೆಂದು ಸಾರಿದೆ.

ಚಲಿಸುವ ಶರೀರವು ಬಲವಿಲ್ಲದೆ ನಿಲ್ಲದು. ಆ ಬಲವನ್ನು ಪಟ್ಟಿಯಿಂದ ಪಡೆಯಬೇಕೆ, ಎದುರಿನ ಗಾಜಿನಿಂದ ಪಡೆಯಬೇಕೆ ಎಂಬುದನ್ನು ಮಾತ್ರ ನಾವು, ಕಾರು ಹೊರಡುವ ಮುನ್ನ, ನಿರ್ಧರಿಸಬಹುದು.