ಹಕ್ಕಿಗಿಟ್ಟ ಹೆಸರು, ಇಟ್ಟವರ ಕಣ್ಣು

ಕೊಕ್ಕೆಯಂತೆ ಬಾಗಿದ ಕೊಕ್ಕು, ಹರಿತವಾದ ಉಗುರು ಮತ್ತು ತೀಕ್ಷ್ಣ ದೃಷ್ಟಿಯಿಂದ ಇತರ ಜೀವಿಗಳನ್ನು ಹಿಡಿದು ತಿನ್ನುವ ಹಕ್ಕಿಗಳನ್ನು ಇಂಗ್ಲಿಷಿನಲ್ಲಿ ಒಟ್ಟಾಗಿ ‘ರಾಪ್ಟರ್’ ಎಂದು ಕರೆಯುತ್ತಾರೆ. ಲ್ಯಾಟಿನ್ ಮೂಲದ ಈ ಪದಕ್ಕೆ ಕಸಿದುಕೊಂಡು ಹೋಗುವವನು, ಕೊಳ್ಳೆಗಾರ ಎಂಬ ಅರ್ಥವಿದ್ದು, ಇಡೀ ಗುಂಪಿಗೆ ಕಳ್ಳತನದ ಆರೋಪ ಹೆಸರಿನಲ್ಲಿಯೇ ಅಂಟಿಕೊಂಡಿದೆ. ಗುಂಪಿನೊಳಗಿನ ಒಂದೊಂದು ಹಕ್ಕಿಯ ಹೆಸರನ್ನು ಬಿಡಿಸಿ ನೋಡಿದರೂ ಇಂಥದೇ ಸಂಗತಿಗಳು ಸಿಗುತ್ತವೆ. ಅವು ಹಕ್ಕಿಯ ಸ್ವಭಾವವನ್ನು ತಿಳಿಸುವುದಕ್ಕಿಂತ ಹೆಚ್ಚಾಗಿ, ಅದನ್ನು ನೋಡಿದವರು ಅರಮನೆಯ ಬೇಟೆಗಾರರೋ ಕೋಳಿ ಸಾಕಿದ ರೈತರೋ ದೂರದೇಶವನ್ನು ಆಳಲು ಬಂದ ಅಧಿಕಾರಿಗಳೋ ಎಂಬುದನ್ನು ತಿಳಿಸುತ್ತವೆ.

ಈ ಹೆಸರುಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಎರಡು ಪದರಗಳು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಅರಮನೆಯ ಭಾಷೆ ಫ್ರೆಂಚ್ ಆಯಿತು, ಹಳ್ಳಿಗರ ಬಾಯಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ‘ಹಾಕ್’ ಮತ್ತು ‘ಕೈಟ್’ ಹಳ್ಳಿಗರ ಪದಗಳು; ‘ಈಗಲ್’, ‘ಫಾಲ್ಕನ್’, ‘ಬಜರ್ಡ್’, ‘ಮರ್ಲಿನ್’, ‘ಕೆಸ್ಟ್ರೆಲ್’, ‘ಹಾಬಿ’ ಇವೆಲ್ಲ ಫ್ರೆಂಚ್ ಬಾಗಿಲಿನಿಂದ ಒಳಬಂದವು. ದೊಡ್ಡ ಹದ್ದಿಗೆ ಹಳೆಯ ಇಂಗ್ಲಿಷಿನಲ್ಲಿ ‘ಅರ್ನ್’ ಎಂಬ ಸ್ವಂತ ಪದವೇ ಇತ್ತು. ಲ್ಯಾಟಿನ್ನಿನ ‘ಅಕ್ವಿಲಾ’ದಿಂದ ಫ್ರೆಂಚ್ ಮೂಲಕ ಬಂದ ‘ಈಗಲ್’ ಅದನ್ನು ಮೂಲೆಗೆ ತಳ್ಳಿತಾದರೂ, ಬಿಳಿಬಾಲದ ಕಡಲಹದ್ದಿನ ಹಳೆಯ ಹೆಸರಾಗಿ ಮತ್ತು ‘ಆರ್ನಾಲ್ಡ್’ ಎಂಬ ವ್ಯಕ್ತಿನಾಮದೊಳಗೆ ಅದು ಇನ್ನೂ ಉಸಿರಾಡುತ್ತಿದೆ. ಹದ್ದು, ಡೇಗೆ, ಗಿಡುಗಗಳ ಪಕ್ಕದಲ್ಲಿಯೇ ಗರುಡ, ಶ್ಯೇನಗಳನ್ನು ಇರಿಸಿಕೊಂಡಿರುವ ಕನ್ನಡಿಗರಿಗೆ ಈ ಎರಡು ಪದರಗಳ ಬಾಳು ಹೊಸದೇನಲ್ಲ.

‘ಹಾಕ್’ ಪದದ ಹಳೆಯ ರೂಪ ‘ಹಾಫೊಕ್’. ಹಿಡಿ, ವಶಪಡಿಸಿಕೊ ಎಂಬ ಅರ್ಥದ ಧಾತುವಿನಿಂದ ಅದು ಹುಟ್ಟಿದೆ ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ‘ಫಾಲ್ಕನ್’ ಎಂಬುದನ್ನು ಸಾಮಾನ್ಯವಾಗಿ ಲ್ಯಾಟಿನ್ನಿನ ‘ಫಾಲ್ಕ್ಸ್’, ಅಂದರೆ ಕುಡುಗೋಲು ಎಂಬ ಪದಕ್ಕೆ ಜೋಡಿಸಲಾಗುತ್ತದೆ. ಬಾಗಿದ ಉಗುರನ್ನು ಕಂಡು ಹಾಗೆ ಕರೆದರೋ, ಹಾರುವಾಗ ಹಿಂದಕ್ಕೆ ಬಾಗುವ ಚೂಪು ರೆಕ್ಕೆಯನ್ನು ಕಂಡು ಕರೆದರೋ ಎಂಬ ಬಗ್ಗೆ ಒಮ್ಮತವಿಲ್ಲ, ಪದದ ಮೂಲವೇ ಜರ್ಮನ್ ಕುಲದ ಭಾಷೆಗಳಲ್ಲಿದೆ ಎನ್ನುವವರೂ ಇದ್ದಾರೆ. ‘ಕೈಟ್’ ಇವೆರಡಕ್ಕಿಂತ ಸರಳವಾದದ್ದು, ಹಕ್ಕಿಯ ಕೂಗನ್ನೇ ಅನುಕರಿಸಿ ಹುಟ್ಟಿದ ಪದ. ರೆಕ್ಕೆ ಬಡಿಯದೆ ಗಾಳಿಯ ಮೇಲೆ ತೇಲುವ ಈ ಹಕ್ಕಿಯನ್ನು ನೆನೆದು ಹದಿನೇಳನೇ ಶತಮಾನದ ಇಂಗ್ಲಿಷರು ಗಾಳಿಪಟಕ್ಕೂ ಅದೇ ಹೆಸರಿಟ್ಟರು. ಮೊದಲು ಹಕ್ಕಿ, ಆಮೇಲೆ ಆಟಿಕೆ ಎಂಬ ಕ್ರಮ ಇಂದಿನ ಮಕ್ಕಳಿಗೆ ತಲೆಕೆಳಗಾಗಿ ಕಂಡರೆ ಆಶ್ಚರ್ಯವಿಲ್ಲ. ಕೆಸ್ಟ್ರೆಲ್ ಕೂಡ ಸದ್ದಿನ ಕೂಸೇ ಆಗಿದ್ದು, ಗರಗರ ಸದ್ದು ಮಾಡುವ ಗಿಲಕಿಗೆ ಫ್ರೆಂಚಿನಲ್ಲಿರುವ ‘ಕ್ರೆಸೆಲ್’ ಎಂಬ ಪದದ ಬಳಗಕ್ಕೆ ಅದನ್ನು ಸೇರಿಸುತ್ತಾರೆ. ಆದರೆ ಇಂಗ್ಲಿಷ್ ಹಳ್ಳಿಗರು ಅದೇ ಹಕ್ಕಿಗೆ ಇಟ್ಟುಕೊಂಡಿದ್ದ ‘ವಿಂಡ್‌ಹೋವರ್’, ಅಂದರೆ ಗಾಳಿಯಲ್ಲಿ ನಿಂತಲ್ಲೇ ನಿಲ್ಲುವುದು ಎಂಬ ಹೆಸರು ಹೆಚ್ಚು ನಿಖರವಾದುದು. ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ 1877ರಲ್ಲಿ ಬರೆದ ಪ್ರಸಿದ್ಧ ಕವಿತೆಯೊಂದಕ್ಕೆ ಅದೇ ಶೀರ್ಷಿಕೆ.

ಈ ಪದಕೋಶದ ಅತ್ಯಂತ ಶ್ರೀಮಂತ ಭಾಗ ಬಂದಿರುವುದು ಗಿಡುಗಗಳನ್ನು ಪಳಗಿಸಿ ಬೇಟೆಯಾಡಿಸುವ ಕಲೆಯಿಂದ. ಇದು ಯುರೋಪಿನ ಸೊತ್ತು ಮಾತ್ರವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನು ಹನ್ನೆರಡನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ಶ್ಯೇನವಿನೋದವೂ ಸೇರಿದೆ. ಇಂಗ್ಲೆಂಡಿನಲ್ಲಿ ಈ ಕಲೆ ಯಾರ ಕೈಯ ಮೇಲೆ ಯಾವ ಹಕ್ಕಿ ಕೂರಬೇಕೆಂದು ವಿಧಿಸುವಷ್ಟರ ಮಟ್ಟಿಗೆ ಅಂತಸ್ತಿನ ಗುರುತಾಯಿತು. 1486ರಲ್ಲಿ ಮುದ್ರಣವಾದ ‘ಬುಕ್ ಆಫ್ ಸೇಂಟ್ ಆಲ್ಬನ್ಸ್’ ಎಂಬ ಗ್ರಂಥದಲ್ಲಿ ರಾಜನಿಗೆ ಜರ್‌ಫಾಲ್ಕನ್, ಅರ್ಲ್ ಪದವಿಯ ಶ್ರೀಮಂತನಿಗೆ ಪೆರಿಗ್ರಿನ್, ಕುಲೀನ ಮಹಿಳೆಗೆ ಮರ್ಲಿನ್, ಪಾದ್ರಿಗೆ ಸ್ಪ್ಯಾರೋಹಾಕ್, ಚರ್ಚಿನ ತೀರ್ಥದ ಪರಿಚಾರಕನಿಗೆ ಮಸ್ಕೆಟ್ ಎಂಬ ಪಟ್ಟಿಯೇ ಇದೆ; ಅದು ಕಾನೂನಿನಂತೆ ಜಾರಿಯಲ್ಲಿತ್ತು ಎನ್ನುವುದಕ್ಕಿಂತ, ಹಕ್ಕಿಗಳಿಗೂ ಜಾತಿಕ್ರಮ ಹಚ್ಚಿದ ಒಂದು ಸಮಾಜದ ಕಲ್ಪನೆ ಎನ್ನುವುದು ಸರಿಯಾದೀತು.

ಪೆರಿಗ್ರಿನ್ ಎಂಬುದರ ಅರ್ಥ ಅಲೆಮಾರಿ, ಪರದೇಶಿ. ಯಾತ್ರಿಕ ಎಂಬ ಅರ್ಥದ ‘ಪಿಲ್‌ಗ್ರಿಮ್’ ಕೂಡ ಅದೇ ಲ್ಯಾಟಿನ್ ಬೇರಿನಿಂದ ಚಿಗುರಿದ್ದು. ಕಡಿದಾದ ಬಂಡೆಗಳ ನಡುವಿನ ಗೂಡುಗಳಿಂದ ಮರಿಗಳನ್ನು ತೆಗೆಯುವುದು ಕಷ್ಟವಾದುದರಿಂದ, ವಲಸೆಯ ದಾರಿಯಲ್ಲಿ ಹಾರಿಹೋಗುವಾಗ ಬಲೆಯೊಡ್ಡಿ ಇವನ್ನು ಹಿಡಿಯುತ್ತಿದ್ದರು. ಊರಿನದಲ್ಲದ, ಎಲ್ಲಿಂದಲೋ ಬಂದ ಹಕ್ಕಿಯೆಂಬ ಭಾವನೆ ಹೆಸರಾಗಿ ನಿಂತಿತು. ಎರಗುವಾಗ ಗಂಟೆಗೆ 300 ಕಿಲೋಮೀಟರಿಗೂ ಮಿಗಿಲಾದ ವೇಗ ಮುಟ್ಟುವ ಹಕ್ಕಿಯ ಹೆಸರಿನಲ್ಲಿ ವೇಗದ ಸುಳಿವೇ ಇಲ್ಲದಿರುವುದಕ್ಕೆ ಕಾರಣ, ಅದನ್ನು ಹೆಸರಿಸಿದವರ ಗಮನ ಅದರ ಹಾರಾಟಕ್ಕಿಂತ ಅದು ಕೈಗೆ ಸಿಕ್ಕ ಬಗೆಯ ಮೇಲಿದ್ದುದು. ಬಲಿತ ಮೇಲೆ ಕಾಡಿನಿಂದ ಹಿಡಿದು ತಂದ ಪಳಗದ ಹಕ್ಕಿಯನ್ನು ‘ಹ್ಯಾಗರ್ಡ್’ ಎನ್ನುತ್ತಿದ್ದರು. ಇಂದು ಬಳಲಿ ಸೊರಗಿದ ಮುಖಕ್ಕೆ ಬಳಸುವ ಇಂಗ್ಲಿಷ್ ಪದ ಅದೇ.

ಬೇಟೆಹಕ್ಕಿಗಳಲ್ಲಿ ಹೆಣ್ಣು ಸಾಮಾನ್ಯವಾಗಿ ಗಂಡಿಗಿಂತ ದೊಡ್ಡದು. ಗಂಡು ಸುಮಾರು ಮೂರನೇ ಒಂದು ಭಾಗದಷ್ಟು ಚಿಕ್ಕದೆಂಬ ಲೆಕ್ಕದಿಂದ ಅದಕ್ಕೆ, ಮೂರನೆಯದು ಎಂಬ ಲ್ಯಾಟಿನ್ ಪದದಿಂದ ಬಂದ ‘ಟರ್ಸೆಲ್’ ಎಂಬ ಹೆಸರು ಬಂತು. ಗೂಡಿನ ಮೂರನೇ ಮೊಟ್ಟೆಯಿಂದ ಗಂಡು ಹುಟ್ಟುತ್ತದೆಂಬ ನಂಬಿಕೆಯನ್ನು ಮುಂದಿಡುವ ವಿವರಣೆಯೂ ಉಂಟು. ಸ್ಪ್ಯಾರೋಹಾಕ್‌ನ ಗಂಡಿಗೆ ಇದ್ದ ಪ್ರತ್ಯೇಕ ಹೆಸರೇ ಮೇಲಿನ ಪಟ್ಟಿಯ ಕೊನೆಯಲ್ಲಿ ಬಂದ ‘ಮಸ್ಕೆಟ್’. ನೊಣ ಎಂಬ ಅರ್ಥದ ಪದದಿಂದ ಇಟಲಿಯ ಭಾಷೆಯಲ್ಲಿ ಹುಟ್ಟಿದ ಈ ಅಲ್ಪಾರ್ಥಕ ಹೆಸರು ಮುಂದೆ ಬಂದೂಕಿಗೆ ವರ್ಗವಾಯಿತು. ಫಾಲ್ಕನ್ ಮತ್ತು ಸೇಕರ್ ಎಂಬ ಹೆಸರಿನ ಫಿರಂಗಿಗಳೂ ಇದ್ದವು, ಇವುಗಳಲ್ಲಿ ಸೇಕರ್ ಎಂಬುದು ಗಿಡುಗಕ್ಕೆ ಅರಬ್ಬಿಯಲ್ಲಿರುವ ‘ಸಕ್ರ್’ ಎಂಬ ಪದದ ರೂಪಾಂತರ. ಹಕ್ಕಿಯನ್ನು ಆಯುಧದಂತೆ ಬಳಸಿದವರು ಆಯುಧಕ್ಕೆ ಹಕ್ಕಿಯ ಹೆಸರಿಟ್ಟದ್ದು ಸಹಜವೇ. ಹಾಬಿ ಎಂಬ ಪುಟ್ಟ ಫಾಲ್ಕನ್ನಿನ ಹೆಸರು ಚಟುವಟಿಕೆಯಿಂದ ಅತ್ತಿತ್ತ ಚಲಿಸು ಎಂಬ ಹಳೆಯ ಫ್ರೆಂಚ್ ಕ್ರಿಯಾಪದದಿಂದ ಬಂದಿದ್ದು, ಹವ್ಯಾಸ ಎಂಬ ಅರ್ಥದ ‘ಹಾಬಿ’ಗೂ ಅದಕ್ಕೂ ನಂಟಿಲ್ಲ, ಮಾಂತ್ರಿಕ ಮರ್ಲಿನ್‌ನಿಗೂ ಮರ್ಲಿನ್ ಹಕ್ಕಿಗೂ ಇಲ್ಲದಂತೆಯೇ.

ಕೋಳಿಗೂಡಿನ ಬಾಗಿಲಲ್ಲಿ ನಿಂತು ನೋಡಿದವರು ಇಟ್ಟ ಹೆಸರುಗಳಲ್ಲಿ ಸಿಟ್ಟು ತುಂಬಿದೆ. ‘ಹ್ಯಾರಿಯರ್’ ಬಂದಿರುವುದು ‘ಹ್ಯಾರಿ’ ಎಂಬ ಕ್ರಿಯಾಪದದಿಂದ. ದಂಡೆತ್ತಿ ಬಂದು ಊರನ್ನು ಸೂರೆಗೊಳ್ಳುವುದು ಎಂಬುದು ಅದರ ಹಳೆಯ ಅರ್ಥ. ಭಾರತೀಯ ನೌಕಾಪಡೆ 2016ರಲ್ಲಿ ನಿವೃತ್ತಿಗೊಳಿಸಿದ ಸೀ ಹ್ಯಾರಿಯರ್ ಯುದ್ಧವಿಮಾನದ ಹೆಸರು ಈ ಹಕ್ಕಿಯದೇ. ಹೆಣ್ಣುಕೋಳಿಯನ್ನು ಕೊಳ್ಳೆಹೊಡೆಯುವುದೆಂಬ ಅರ್ಥದಲ್ಲಿ ಒಂದು ಪ್ರಭೇದಕ್ಕೆ ‘ಹೆನ್ ಹ್ಯಾರಿಯರ್’ ಎಂದು ಕರೆದರು. ಅದರ ಗಂಡು ಬೂದುಬಣ್ಣದ್ದು, ಹೆಣ್ಣು ಕಂದು ಮೈಯ, ಬಾಲದ ಮೇಲೆ ಪಟ್ಟೆಗಳಿರುವ ಹಕ್ಕಿ. ಇವೆರಡೂ ಒಂದೇ ಎಂದು ತಿಳಿಯದೆ ಹೆಣ್ಣಿಗೆ ‘ರಿಂಗ್‌ಟೇಲ್’ ಎಂಬ ಬೇರೆಯೇ ಪ್ರಭೇದದ ಪಟ್ಟ ಕಟ್ಟಲಾಗಿತ್ತು. ಮರಿಗಳನ್ನು ಸಾಕಿ, ಅವು ಬೆಳೆದು ಬಣ್ಣ ಬದಲಿಸುವುದನ್ನು ಗಮನಿಸಿ ಈ ಗೊಂದಲವನ್ನು ಬಿಡಿಸಿದವನು ಜಾರ್ಜ್ ಮಾಂಟಗ್ಯು ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ. ಅವನ ಪಕ್ಷಿನಿಘಂಟು ಪ್ರಕಟವಾದದ್ದು 1802ರಲ್ಲಿ. ಅವನು ಪ್ರತ್ಯೇಕಿಸಿ ತೋರಿಸಿದ ಇನ್ನೊಂದು ಪ್ರಭೇದಕ್ಕೆ ಮಾಂಟಗ್ಯು ಹ್ಯಾರಿಯರ್ ಎಂಬ ಹೆಸರು ನಿಂತಿದೆ. ಮಧ್ಯ ಏಷ್ಯಾದ ಬಯಲುಗಳಿಂದ ಚಳಿಗಾಲ ಕಳೆಯಲು ಈ ಹಕ್ಕಿಗಳು ಕರ್ನಾಟಕದ ಹುಲ್ಲುಗಾವಲುಗಳಿಗೂ ಬರುತ್ತವೆ, ಇಲ್ಲಿ ಇಲಿ, ಮಿಡತೆ, ಸಣ್ಣ ಹಕ್ಕಿಗಳನ್ನು ಹಿಡಿದು ತಿನ್ನುತ್ತವೆ. ಕೊಳ್ಳೆಗಾರನೆಂಬ ಹೆಸರು ಹೊತ್ತ ಹಕ್ಕಿ ರೈತನಿಗೆ ಮಾಡುವುದು ಹೆಚ್ಚಾಗಿ ಉಪಕಾರವನ್ನೇ.

ಹೆಸರಿನ ಆರೋಪ ಜೀವಕ್ಕೇ ಎರವಾದದ್ದೂ ಉಂಟು. ಹಿಮಾಲಯದಲ್ಲಿಯೂ ಯುರೋಪಿನ ಪರ್ವತಗಳಲ್ಲಿಯೂ ಇರುವ ಗಡ್ಡದ ರಣಹದ್ದಿಗೆ ಜರ್ಮನ್ ಭಾಷೆಯಿಂದ ‘ಲ್ಯಾಮರ್‌ಗಾಯರ್’, ಅಂದರೆ ಕುರಿಮರಿಯ ಹದ್ದು ಎಂಬ ಹೆಸರು ಬಂದಿತ್ತು. ವಾಸ್ತವದಲ್ಲಿ ಅದರ ಮುಖ್ಯ ಆಹಾರ ಸತ್ತ ಪ್ರಾಣಿಗಳ ಎಲುಬು. ದೊಡ್ಡ ಎಲುಬುಗಳನ್ನು ಎತ್ತರದಿಂದ ಬಂಡೆಯ ಮೇಲೆ ಬೀಳಿಸಿ ಒಡೆದು ನುಂಗುತ್ತದೆ. ರೋಮನ್ನರು ಇದನ್ನು ಸರಿಯಾಗಿ ಗಮನಿಸಿ ‘ಎಲುಬು ಒಡೆಯುವುದು’ ಎಂಬ ಅರ್ಥದ ‘ಆಸಿಫ್ರಾಗಾ’ ಎಂಬ ಹೆಸರಿಟ್ಟಿದ್ದರು. ಆದರೆ ಆಲ್ಪ್ಸ್ ಪರ್ವತದ ಜನ ಅದು ಕುರಿಮರಿಗಳನ್ನಷ್ಟೇ ಅಲ್ಲ, ಮಕ್ಕಳನ್ನೂ ಹೊತ್ತೊಯ್ಯುತ್ತದೆಂದು ನಂಬಿ ಬೇಟೆಯಾಡಿದುದರಿಂದ ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಅದು ಅಲ್ಲಿ ನಿರ್ನಾಮವಾಯಿತು. 1986ರಿಂದ ಸಾಕಿ ಬೆಳೆಸಿದ ಮರಿಗಳನ್ನು ಬಿಟ್ಟು ಮತ್ತೆ ನೆಲೆಗೊಳಿಸಲಾಗಿದೆ. ಇಂದಿನ ಪುಸ್ತಕಗಳು ‘ಬಿಯರ್ಡೆಡ್ ವಲ್ಚರ್’ ಎಂಬ ನಿರುಪದ್ರವಿ ಹೆಸರನ್ನು ಬಳಸುತ್ತವೆ. ರೋಮನ್ನರ ಆ ಒಳ್ಳೆಯ ಹೆಸರು ಮಾತ್ರ ದಾರಿ ತಪ್ಪಿ ಇನ್ನೊಂದು ಹಕ್ಕಿಯ ಪಾಲಾಯಿತು: ಮೀನನ್ನು ಬಿಟ್ಟು ಬೇರೇನನ್ನೂ ಹೆಚ್ಚಾಗಿ ಮುಟ್ಟದ ‘ಆಸ್ಪ್ರೇ’ಯ ಹೆಸರು ಆಸಿಫ್ರಾಗಾದೊಂದಿಗೆ ಬೆರೆತುಹೋಗಿದ್ದು, ಎಲುಬು ಒಡೆಯುವುದನ್ನೇ ಅರಿಯದ ಹಕ್ಕಿ ಅದನ್ನು ಹೊತ್ತು ತಿರುಗುತ್ತಿದೆ.

ದಾರಿ ತಪ್ಪಿಸುವ ಹೆಸರುಗಳು ಇನ್ನೂ ಇವೆ. ಅಮೆರಿಕದ ರಾಷ್ಟ್ರಪಕ್ಷಿ ‘ಬಾಲ್ಡ್ ಈಗಲ್’ನ ತಲೆ ಬೋಳಲ್ಲ, ‘ಬಾಲ್ಡ್’ ಪದಕ್ಕೆ ಹಿಂದೆ ಬಿಳಿಯ ಮಚ್ಚೆಯುಳ್ಳ ಎಂಬ ಅರ್ಥವೂ ಇತ್ತು. ‘ಹನಿ ಬಜರ್ಡ್’ ಜೇನುಗೂಡನ್ನು ಕೀಳುವುದು ಜೇನಿಗಾಗಿ ಎನ್ನುವುದಕ್ಕಿಂತ ಅದರೊಳಗಿನ ಮರಿಹುಳುಗಳಿಗಾಗಿ, ಮತ್ತು ಅದು ನಿಜವಾದ ಬಜರ್ಡ್ ಕೂಡ ಅಲ್ಲ. ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋದ ವಲಸಿಗರು ತವರಿನ ಹೆಸರುಗಳನ್ನು ಸಿಕ್ಕ ಸಿಕ್ಕ ಹಕ್ಕಿಗಳಿಗೆ ಹಂಚಿದ ಪರಿಣಾಮವಾಗಿ, ಇಂಗ್ಲೆಂಡಿನ ಬಜರ್ಡ್‌ಗಳ ನೆಂಟರು ಅಲ್ಲಿ ‘ಹಾಕ್’ಗಳಾದರೆ, ರಣಹದ್ದುಗಳು ಆಡುಮಾತಿನಲ್ಲಿ ‘ಬಜರ್ಡ್’ಗಳಾದವು, ಅಲ್ಲಿನ ಕೆಸ್ಟ್ರೆಲ್ ಬಹುಕಾಲ ‘ಸ್ಪ್ಯಾರೋಹಾಕ್’ ಎನಿಸಿಕೊಂಡಿತ್ತು. ಇಷ್ಟಕ್ಕೂ ಹಾಕ್ ಮತ್ತು ಫಾಲ್ಕನ್‌ಗಳನ್ನು ಒಂದೇ ಮನೆತನಕ್ಕೆ ಸೇರಿಸುವ ಹಳೆಯ ರೂಢಿಯೇ ತಪ್ಪೆಂದು 2008ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು: ಫಾಲ್ಕನ್‌ಗಳು ಹದ್ದು ಗಿಡುಗಗಳಿಗಿಂತ ಗಿಳಿಗಳಿಗೂ ಹಾಡುಹಕ್ಕಿಗಳಿಗೂ ಹತ್ತಿರದ ಸಂಬಂಧಿಗಳು.

ಭಾರತಕ್ಕೆ ಬಂದ ಇಂಗ್ಲಿಷರು ಇಲ್ಲಿನ ಗಿಡುಗ ಪಳಗಿಸುವವರ ಮಾತನ್ನು ಧಾರಾಳವಾಗಿ ಎತ್ತಿಕೊಂಡರು. ‘ಶಿಕ್ರಾ’ ಎಂಬುದು ಬೇಟೆ ಎಂಬ ಅರ್ಥದ ಪಾರ್ಸಿ ‘ಶಿಕಾರ್’ನ ಬಳಗದ್ದು; ‘ಬೆಸ್ರಾ’, ‘ಲಗ್ಗರ್’ಗಳು ಹಿಂದಿಯಿಂದಲೂ ‘ಬಾಜಾ’ ಎಂಬುದು ‘ಬಾಜ್’ನಿಂದಲೂ ಬಂದವು; ‘ಶಾಹೀನ್’ನಲ್ಲಿ ಪಾರ್ಸಿಯ ‘ಶಾಹ್’, ಅಂದರೆ ದೊರೆ ಎಂಬ ಪದ ಅಡಗಿದೆ. ಪಳಗಿಸುವವರ ಕೈಗೆ ಬಾರದ ಎರಡು ಸಾಮಾನ್ಯ ಹಕ್ಕಿಗಳ ವಿಷಯದಲ್ಲಿ ಮಾತ್ರ ಅವರು ಈ ನೆಲದ ಇನ್ನೊಂದು ಪದಕೋಶಕ್ಕೆ ಕೈಹಾಕಿದರು. ಬಿಳಿ ತಲೆ, ಬಿಳಿ ಎದೆ, ಕಾವಿಗೆಂಪು ಮೈಯ, ಕನ್ನಡಿಗರು ಗರುಡನೆಂದು ಕೈಮುಗಿಯುವ ಹಕ್ಕಿಗೆ ‘ಬ್ರಾಹ್ಮಿನಿ ಕೈಟ್’ ಎಂದರು. ಊರ ಕಸದ ಮೇಲೆ ಸುತ್ತುವ ಕಂದು ಹದ್ದಿಗೆ ‘ಪರಿಯಾ ಕೈಟ್’ ಎಂದರು. ತಮಿಳುನಾಡಿನ ಪರೈಯರ್ ಸಮುದಾಯದ ಹೆಸರಿನಿಂದ ತೆಗೆದು, ಬಹಿಷ್ಕೃತ ಎಂಬ ಅರ್ಥದಲ್ಲಿ ಜಗತ್ತಿಗೆಲ್ಲ ಹಂಚಿದ ಪದ ಅದು. ವಿಚಿತ್ರವೆಂದರೆ ಅದೇ ಹದ್ದಿನ ಭಾರತೀಯ ಉಪಪ್ರಭೇದಕ್ಕೆ 1832ರಲ್ಲಿ ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೈನ್ಯಾಧಿಕಾರಿ ‘ಗೋವಿಂದ’ ಎಂಬ ವೈಜ್ಞಾನಿಕ ಹೆಸರನ್ನಿಟ್ಟಿದ್ದನು. ಈಗಿನ ಪುಸ್ತಕಗಳಲ್ಲಿ ಅದು ‘ಬ್ಲ್ಯಾಕ್ ಕೈಟ್’. ಜಾತಿಯ ಕೆಳತುದಿಯ ಹೆಸರು ಹೋಗಿದೆ, ಮೇಲ್ತುದಿಯದು ಹಾಗೆಯೇ ಉಳಿದಿದೆ. ಈ ಅರ್ಧ ತಿದ್ದುಪಡಿಯನ್ನು ತಿದ್ದುಪಡಿಯೆಂದು ಒಪ್ಪುವುದು ಕಷ್ಟ.

ವ್ಯಕ್ತಿಗಳ ಹೆಸರು ಹೊತ್ತ ಹಕ್ಕಿಗಳದು ಮತ್ತೊಂದು ತಕರಾರು. ಮೆಡಿಟರೇನಿಯನ್ ದ್ವೀಪಗಳ ‘ಎಲಿಯೊನೋರಾ ಫಾಲ್ಕನ್’ನ ಹೆಸರಿಗೆ ತಕ್ಕ ಕಾರಣವಿದೆ: ಹದಿನಾಲ್ಕನೇ ಶತಮಾನದಲ್ಲಿ ಸಾರ್ಡಿನಿಯಾದ ಅರ್ಬೊರಿಯಾವನ್ನು ಆಳಿದ ಎಲಿಯೊನೋರಾ ತನ್ನ ಕಾನೂನುಸಂಹಿತೆಯಲ್ಲಿ ಗಿಡುಗಗಳ ಗೂಡುಗಳಿಗೆ ರಕ್ಷಣೆ ನೀಡಿದ್ದಳು. ಬೊನೆಲಿ ಈಗಲ್, ಜೆರ್ಡನ್ ಬಾಜಾ, ಕೂಪರ್ ಹಾಕ್ ಮೊದಲಾದವು ಸಂಗ್ರಾಹಕರನ್ನೂ ವಿದ್ವಾಂಸರನ್ನೂ ಗೌರವಿಸುತ್ತವೆಯೇ ಹೊರತು ಹಕ್ಕಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. 2023ರ ನವೆಂಬರಿನಲ್ಲಿ ಅಮೆರಿಕದ ಪಕ್ಷಿವಿಜ್ಞಾನ ಸಂಘವು ತನ್ನ ವ್ಯಾಪ್ತಿಯಲ್ಲಿ ವ್ಯಕ್ತಿಗಳಿಂದ ಬಂದಿರುವ ಇಂಗ್ಲಿಷ್ ಪಕ್ಷಿನಾಮಗಳನ್ನೆಲ್ಲ ಬದಲಿಸುವುದಾಗಿ ಘೋಷಿಸಿತು. ಕೂಪರ್ ಹಾಕ್ ಆ ವ್ಯಾಪ್ತಿಯಲ್ಲಿದೆ. ಭಾರತದ ಹಕ್ಕಿಗಳು ಅದರೊಳಗೆ ಬರುವುದಿಲ್ಲವಾದುದರಿಂದ ಜೆರ್ಡನ್ ಬಾಜಾ ಮತ್ತು ಮಾಂಟಗ್ಯು ಹ್ಯಾರಿಯರ್ ಇಲ್ಲಿನ ಪಟ್ಟಿಗಳಲ್ಲಿ ಅದೇ ಹೆಸರಿನಲ್ಲಿ ಮುಂದುವರಿದಿವೆ.