ಚಿಕಿತ್ಸೆ ಉಚಿತ, ದಾರಿಯ ಖರ್ಚು ಯಾರದು?

ತಮಿಳುನಾಡು ಸರ್ಕಾರ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಗೆ ಚಾಲನೆ ಕೊಟ್ಟದ್ದು 2021ರ ಆಗಸ್ಟ್ 5ರಂದು, ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಮನೆಬಾಗಿಲಿಗೇ ಬಂದವು. ಬಡ ರೋಗಿ ಆಸ್ಪತ್ರೆ ತಪ್ಪಿಸುವುದು ಅಸಡ್ಡೆಯಿಂದಲ್ಲ, ದೂರದಿಂದ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಒಪ್ಪಿದ ಮೇಲೆ ಅಲ್ಲಿಗೇ ನಿಲ್ಲುವಂತಿಲ್ಲ. ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್‌ನ ಚೀಲಗಳೇನೋ ಮನೆಗೆ ಬರುತ್ತವೆ. ಡಯಾಲಿಸಿಸ್ ಯಂತ್ರ, ಕಿಮೋಥೆರಪಿ, ಸ್ಕ್ಯಾನಿಂಗ್ ಬರಲಾರವು. ಅವು ಬೇಕಾದ ರೋಗಿಗಳ ಪ್ರಯಾಣವನ್ನು ಚಿಕಿತ್ಸೆಯ ಖರ್ಚಿನಲ್ಲೇ ಸೇರಿಸಬೇಕು.

ನಮ್ಮ ಜಿಲ್ಲೆಯ ಅಂಚೆಟ್ಟಿಯಿಂದ ಡೆಂಕಣಿಕೋಟೆ ಹಾದು ಹೊಸೂರಿನ ಆಸ್ಪತ್ರೆಗೆ ಸುಮಾರು 50 ಕಿ.ಮೀ. ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ತಾಸು. ಮುಗಿದಾಗ ತಲೆಸುತ್ತು, ನಿಶ್ಶಕ್ತಿ. ಒಬ್ಬರನ್ನೇ ಬಸ್ಸಿಗೆ ಹತ್ತಿಸುವಂತಿಲ್ಲ. ಹಾಗಾಗಿ ಟಿಕೆಟ್ ಎರಡು, ಕೈತಪ್ಪುವ ಕೂಲಿಯೂ ಇಬ್ಬರದು. ಉಚಿತ ಬಸ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, 2021ರ ಮೇ ತಿಂಗಳಿಂದ. ಆದರೆ ಹೆಂಗಸರಿಗೆ, ಸಾಧಾರಣ ಟೌನ್ ಬಸ್ಸಿನಲ್ಲಿ. ಕೂಲಿ ಮಾಡುವ ಗಂಡಸು ದುಡ್ಡು ಕೊಡಲೇಬೇಕು. 108 ತುರ್ತಿಗೆ ಮಾತ್ರ, ಅದು ವಾಪಸ್ ಮನೆಗೆ ಬಿಡುವುದಿಲ್ಲ. ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ರಿಯಾಯಿತಿ ಉಂಟು, ಅಂಚೆಟ್ಟಿಗೆ ರೈಲಿಲ್ಲ. ಇನ್ನು ಬೆಂಗಳೂರಿನ ಕಿದ್ವಾಯಿಗೋ ನಿಮ್ಹಾನ್ಸ್‌ಗೋ ಹೋಗಬೇಕಾದ ತಳಿ ಊರಿನ ಹೆಂಗಸಿನ ಪಾಡು ನೋಡಿ: ಅತ್ತಿಬೆಲೆ ದಾಟಿದರೆ ತಮಿಳುನಾಡಿನ ಸವಲತ್ತು ಮುಗಿಯಿತು, ಕರ್ನಾಟಕ 2023ರ ಜೂನ್ 11ರಂದು ತಂದ 'ಶಕ್ತಿ' ಆ ರಾಜ್ಯದ ನಿವಾಸಿಗಳಿಗಷ್ಟೇ. ಮನೆಮಾತು ಕನ್ನಡವಾದರೇನು, ಕಂಡಕ್ಟರ್ ಕೇಳುವುದು ವಿಳಾಸವನ್ನು.

ದುರುಪಯೋಗವಾಗುತ್ತದೆ ಎಂಬ ಆಕ್ಷೇಪಣೆ ಹಳೆಯದು. ಬಾಣಂತಿ, ಕೂಸನ್ನು ಸರ್ಕಾರಿ ವಾಹನದಲ್ಲಿ ಮನೆ ತಲುಪಿಸುವ ಕೇಂದ್ರದ ಯೋಜನೆ 2011ರಿಂದಲೇ ಇದೆ. ಗುರುತಿಸಿದ ಬುಡಕಟ್ಟು ಪ್ರದೇಶಗಳ ಕ್ಷಯರೋಗಿಗಳಿಗೆ ಓಡಾಟಕ್ಕೆಂದೇ 750 ರೂಪಾಯಿ ಗೊತ್ತುಪಡಿಸಲಾಗಿದೆ. ಅಲ್ಲಿ ಒಪ್ಪಿದ ತತ್ವ ಮೂತ್ರಪಿಂಡದ ರೋಗಿಗೆ ಬಂದಾಗ ಮಾತ್ರ ದುಂದುವೆಚ್ಚವಾಗುವುದೇಕೆ? ಸುಮ್ಮನೆ ಬಸ್ ಹತ್ತುವ ಆಸೆಗೆ ಯಾರೂ ಸೂಜಿ ಚುಚ್ಚಿಸಿಕೊಳ್ಳುವುದಿಲ್ಲ. ರೋಗಿ ಬಂದ ದಿನ, ಹೊತ್ತು ಆಸ್ಪತ್ರೆಯ ದಾಖಲೆಯಲ್ಲೇ ಇರುತ್ತದೆ. ಆಸ್ಪತ್ರೆಯ ಚೀಟಿಯ ಜೊತೆಗೇ ಇಬ್ಬರ ಬಸ್ ಪಾಸು ಕೊಡಬಹುದು.

ಪಾಸಿಗೂ ಮಿತಿಯುಂಟು, ನಿಜ. ಬೆಟ್ಟಮುಗಿಲಾಳದ ಕಡೆಯ ಬೆಟ್ಟದ ಹಾಡಿಗಳಲ್ಲಿ ಬಸ್ಸೇ ಅಪರೂಪ. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವೇ ಜೀಪು ಗೊತ್ತುಮಾಡಬೇಕು, ಅದಕ್ಕೆ ಹಣ ಬೇಕು. ಡಯಾಲಿಸಿಸ್ ಪಾಳಿಯನ್ನು ಅಂಚೆಟ್ಟಿಯ ಕೊನೆ ಬಸ್ಸಿನ ಹೊತ್ತು ನೋಡಿ ಹಂಚುವುದಕ್ಕಂತೂ ಯಾವ ಅನುದಾನವೂ ಬೇಡ.